ನರಿಯ ಇರುಳು, ನೋಡುಗನ ಉಷ್ಣದರ್ಶಕ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಕೆಂಪು ನರಿಯ ಇರವನ್ನು ಅರಿಯದವರು ಇಲ್ಲವೆಂದೇ ಹೇಳಬೇಕು. ಬೇಲಿಸಾಲಿನ ಬುಡದಲ್ಲಿ ಅದು ನುಸುಳಿ ಹೋದ ಕಿಂಡಿ ಇರುತ್ತದೆ, ಕಾಲುದಾರಿಯ ಕೆಸರಿನಲ್ಲಿ ಅದರ ಹೆಜ್ಜೆ ಮೂಡಿರುತ್ತದೆ, ಜನವರಿಯ ಕೊರೆಯುವ ರಾತ್ರಿಗಳಲ್ಲಿ ಹೆಣ್ಣುನರಿಯ ಕರ್ಕಶವಾದ ಕೂಗು ಊರಿನವರೆಗೂ ಕೇಳಿಸುತ್ತದೆ. ಆದರೂ ಆ ಪ್ರಾಣಿಯನ್ನು ಅದರ ಪಾಡಿಗೆ ಬಿಟ್ಟು, ಅದಕ್ಕೆ ತಿಳಿಯದಂತೆ, ಹತ್ತಿಪ್ಪತ್ತು ನಿಮಿಷ ನೆಮ್ಮದಿಯಾಗಿ ನೋಡಿದವರು ಬಹಳ ಕಡಿಮೆ. ಹೆಚ್ಚಿನವರು ಕಂಡಿರುವುದು ಕಾರಿನ ದೀಪದ ಮುಂದೆ ಒಂದು ಗಳಿಗೆ ಹಾದು ಹೋದ ಕೆಂಚು ಮೈಯನ್ನು ಮಾತ್ರ. ನರಿ ಕತ್ತಲೆಯಲ್ಲಿ ಬದುಕುವ ಪ್ರಾಣಿ, ಮನುಷ್ಯ ಬೆಳಕಿನಲ್ಲಿ ನೋಡುವ ಪ್ರಾಣಿ. ಈ ಅಂತರವನ್ನು ಸಾಧಾರಣ ಆದಾಯದ ಹವ್ಯಾಸಿಯೂ ದಾಟಬಹುದಾದ ಕಾಲ ಬಂದದ್ದು ಈಚೆಗೆ, ಅದಕ್ಕೆ ಕಾರಣವಾದದ್ದು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಉಪಕರಣ.

ಆ ಉಪಕರಣವನ್ನು ಅಂಗಡಿಗಳಲ್ಲಿ ಥರ್ಮಲ್ ಮಾನಾಕ್ಯುಲರ್ ಎಂದು ಕರೆಯುತ್ತಾರೆ. ಒಂದೇ ಕಣ್ಣಿಗೆ ಹಿಡಿದು ನೋಡುವ, ಬೆಳಕಿಗೆ ಬದಲು ವಸ್ತುಗಳ ಮೈಯಿಂದ ಹೊಮ್ಮುವ ಶಾಖದ ಕಿರಣಗಳನ್ನು ಚಿತ್ರವಾಗಿಸುವ ಸಾಧನವಾದ್ದರಿಂದ ಇಲ್ಲಿ ಅದನ್ನು ಉಷ್ಣದರ್ಶಕ ಎಂದು ಕರೆಯಲಾಗಿದೆ. ಇದನ್ನು ‘ನೈಟ್ ವಿಷನ್’ ಎಂಬ ಹೆಸರಿನ ಸಾಧನದೊಂದಿಗೆ ಬೆರೆಸಬಾರದು. ನೈಟ್ ವಿಷನ್ ಸಾಧನವು ಇರುವ ಅಲ್ಪಸ್ವಲ್ಪ ನಕ್ಷತ್ರದ ಬೆಳಕನ್ನು ಹಲವು ಪಟ್ಟು ಹೆಚ್ಚಿಸುತ್ತದೆ, ಇಲ್ಲವೆ ತಾನೇ ಒಂದು ಕಣ್ಣಿಗೆ ಕಾಣದ ದೀಪವನ್ನು ಹಚ್ಚಿ ಅದರ ಮರುಬೆಳಕನ್ನು ಹಿಡಿಯುತ್ತದೆ; ಅಂಥ ದೀಪಗಳಲ್ಲಿ 850 ನ್ಯಾನೊಮೀಟರ್ ತರಂಗದ ಬಗೆಯವು ಸಮೀಪದಿಂದ ನೋಡಿದರೆ ಮಂಕಾದ ಕೆಂಪಾಗಿ ಹೊಳೆಯುವುದೂ ಉಂಟು. ಉಷ್ಣದರ್ಶಕವಾದರೋ ಏನನ್ನೂ ಹೊರಸೂಸುವುದಿಲ್ಲ. ನರಿ ತನ್ನ ಮೈಯಿಂದ ತಾನೇ ಚೆಲ್ಲುವ ಕಿರಣಗಳನ್ನು ಅದು ಬರಮಾಡಿಕೊಳ್ಳುತ್ತದೆಯಷ್ಟೆ. ನೋಡುವ ಕ್ರಿಯೆ ನೋಡಿಸಿಕೊಳ್ಳುವ ಪ್ರಾಣಿಯನ್ನು ತಟ್ಟುವುದೇ ಇಲ್ಲ ಎಂಬ ಈ ಗುಣವೇ ಈ ಹವ್ಯಾಸದ ನಿಜವಾದ ಸೊಗಸು.

ಈ ಕಿರಣಗಳ ಸುಳಿವು ಮೊದಲು ಸಿಕ್ಕಿದ್ದೂ ಇಂಗ್ಲೆಂಡಿನ ನೆಲದಲ್ಲಿಯೇ. ಯುರೇನಸ್ ಗ್ರಹವನ್ನು 1781ರಲ್ಲಿ ಗುರುತಿಸಿ ಹೆಸರಾಗಿದ್ದ ವಿಲಿಯಂ ಹರ್ಷೆಲ್, 1800ರಲ್ಲಿ ಗಾಜಿನ ಪಟ್ಟಕದ ಮೂಲಕ ಬಿಸಿಲನ್ನು ಏಳು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದಾಗ, ಕೆಂಪು ಬಣ್ಣವೂ ಮುಗಿದ ಮೇಲೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಪಾದರಸ ಇನ್ನಷ್ಟು ಏರಿದ್ದನ್ನು ಕಂಡ. ಕೆಂಪಿನಾಚೆಯ ಆ ಅದೃಶ್ಯ ಕಿರಣಗಳಿಗೆ ಅವಕೆಂಪು ಕಿರಣಗಳೆಂಬ ಹೆಸರು ಬಂದದ್ದು ಆಮೇಲೆ. 1880ರ ಸುಮಾರಿಗೆ ಅಮೆರಿಕದ ಖಗೋಳಜ್ಞ ಸ್ಯಾಮ್ಯುಯೆಲ್ ಲ್ಯಾಂಗ್ಲಿ, ಬಿಸಿ ತಾಗಿದರೆ ವಿದ್ಯುತ್ ರೋಧ ಬದಲಾಗುವ ತೆಳು ಲೋಹಪಟ್ಟಿಯನ್ನು ಬಳಸಿ ಬೋಲೋಮೀಟರ್ ಎಂಬ ಉಪಕರಣವನ್ನು ರೂಪಿಸಿದ. ಕಾಲು ಮೈಲಿ ದೂರದಲ್ಲಿ ನಿಂತ ಹಸುವಿನ ಮೈಬಿಸಿಯನ್ನೂ ಅದು ತಿಳಿಸಬಲ್ಲದು ಎಂಬ ಮಾತು ಅದರ ಬಗ್ಗೆ ಪ್ರಚಲಿತವಾಗಿತ್ತು. ಇಂದು ಹವ್ಯಾಸಿಯ ಕೈಯಲ್ಲಿರುವ ಉಷ್ಣದರ್ಶಕದ ಒಳಗೆ ಇರುವುದು ಲ್ಯಾಂಗ್ಲಿಯ ಆ ಪಟ್ಟಿಯ ವಂಶದ್ದೇ ಆದ, ಆದರೆ ಲೆಕ್ಕದಲ್ಲಿ ಹತ್ತಾರು ಸಾವಿರಕ್ಕೆ ಏರಿದ, ಸೂಕ್ಷ್ಮ ಬೋಲೋಮೀಟರುಗಳ ಒಂದು ಹಾಸು.

ಆ ಹಾಸನ್ನು ಮೈಕ್ರೋಬೋಲೋಮೀಟರ್ ಎನ್ನುತ್ತಾರೆ. ಸಿಲಿಕಾನ್ ಬಿಲ್ಲೆಯ ಮೇಲೆ, ಅದಕ್ಕೆ ತಾಗದಂತೆ ಎರಡು ಸಣ್ಣ ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದ ವನೇಡಿಯಂ ಆಕ್ಸೈಡಿನ ತೆಳುಪೊರೆಗಳು ಅದರಲ್ಲಿ ಸಾಲುಸಾಲಾಗಿ ಇರುತ್ತವೆ. ಸುತ್ತಲೂ ನಿರ್ವಾತ, ಅಂದರೆ ಗಾಳಿಯನ್ನು ಹೊರತೆಗೆದ ಬರಿದು ಜಾಗ ಇರುವುದರಿಂದ, ಪೊರೆಗೆ ತಾಗಿದ ಬಿಸಿ ಬೇರೆ ಕಡೆಗೆ ಸೋರಿಹೋಗದೆ ಅದರ ರೋಧವನ್ನು ಒಂದಿಷ್ಟು ಬದಲಿಸುತ್ತದೆ, ಆ ಬದಲಾವಣೆಯನ್ನು ಓದಿ ಯಂತ್ರವು ಚಿತ್ರದ ಒಂದು ಚುಕ್ಕೆಯನ್ನು ಬರೆಯುತ್ತದೆ. ಈಚಿನ ಸಂವೇದಕಗಳಲ್ಲಿ ಒಂದು ಪೊರೆಯಿಂದ ಮುಂದಿನದಕ್ಕೆ ಇರುವ ಅಂತರ 12 ಮೈಕ್ರೋಮೀಟರ್, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಿರಿದು. 1980ರ ದಶಕದಲ್ಲಿ ಅಮೆರಿಕದ ಹನಿವೆಲ್ ಸಂಸ್ಥೆ ಈ ತಂತ್ರವನ್ನು ಸೇನೆಗಾಗಿ ಗೋಪ್ಯವಾಗಿ ಬೆಳೆಸಿತು. ಅದಕ್ಕೂ ಮೊದಲಿನ ಉತ್ತಮ ಉಷ್ಣಸಾಧನಗಳನ್ನು ಅತಿ ಶೀತಕ್ಕೆ ಇಳಿಸಿ ಬಳಸಬೇಕಾಗಿದ್ದರೆ ಇದಕ್ಕೆ ಆ ತಂಪಿನ ಹಂಗು ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಗೋಪ್ಯತೆ ಸಡಿಲವಾದ ಮೇಲೆ ಅಗ್ನಿಶಾಮಕ ದಳ, ಕಟ್ಟಡ ತಪಾಸಣೆ, ಕಾರು, ಕೊನೆಗೆ ಹವ್ಯಾಸಿಯ ಜೇಬು, ಹೀಗೆ ಅದು ಹಂತಹಂತವಾಗಿ ಇಳಿದು ಬಂತು.

ಇಳಿದು ಬಂದರೂ ಬೆಲೆ ಪೂರ್ತಿ ಇಳಿಯಲಿಲ್ಲ, ಅದಕ್ಕೆ ಒಂದು ಕಾರಣ ಮಸೂರ. ಪ್ರಾಣಿಯ ಮೈಬಿಸಿಯ ಕಿರಣಗಳು ಹೆಚ್ಚಾಗಿ 8ರಿಂದ 14 ಮೈಕ್ರೋಮೀಟರಿನ ನಡುವಿನ ತರಂಗಗಳು. ಈ ತರಂಗಗಳ ಮಟ್ಟಿಗೆ ನಮ್ಮ ಸಾಮಾನ್ಯ ಗಾಜು ಮಣ್ಣಿನ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಆದ್ದರಿಂದಲೇ ಉಷ್ಣದರ್ಶಕದ ಮುಂದಿನ ಮಸೂರವನ್ನು ಜರ್ಮೇನಿಯಂ ಎಂಬ, ಕಣ್ಣಿಗೆ ಕನ್ನಡಿಯಂಥ ಬೂದು ಲೋಹವಾಗಿ ಕಾಣುವ ದುಬಾರಿ ಮೂಲವಸ್ತುವಿನಿಂದ ಮಾಡುತ್ತಾರೆ. ಇದೇ ಕಾರಣದಿಂದ ಮನೆಯೊಳಗೆ ಬೆಚ್ಚಗೆ ಕುಳಿತು ಕಿಟಕಿಯ ಗಾಜಿನ ಮೂಲಕ ಹಿತ್ತಲಿನ ನರಿಯನ್ನು ನೋಡುವ ಆಸೆ ಈಡೇರುವುದಿಲ್ಲ. ದರ್ಶಕಕ್ಕೆ ಕಾಣುವುದು ಗಾಜಿನ ಮೇಲೆ ಪ್ರತಿಫಲಿಸಿದ ನೋಡುಗನ ಮುಖದ ಬಿಸಿಯೇ ಹೊರತು ಹೊರಗಿನ ಹುಲ್ಲಲ್ಲ. ಕಾರಿನ ಗಾಜಿಗೂ ಇದೇ ನಿಯಮ. ಮಸೂರದ ಅಳತೆ ಹೆಚ್ಚಿದಂತೆ ಜರ್ಮೇನಿಯಂ ಹೆಚ್ಚು ಬೇಕು, ಜರ್ಮೇನಿಯಂ ಹೆಚ್ಚಿದಂತೆ ಬೆಲೆ ಏರುತ್ತದೆ. ಅಗ್ಗದ ಉಪಕರಣ ಯಾವುದನ್ನು ಬಿಟ್ಟುಕೊಟ್ಟು ಅಗ್ಗವಾಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಇಲ್ಲಿಂದ ಶುರುಮಾಡಬೇಕು.

ಬ್ರಿಟನ್ನಿನ ಮಾರುಕಟ್ಟೆಯಲ್ಲಿ ಈ ಉಪಕರಣಗಳು ಸಾಮಾನ್ಯವಾಗಿ ಮೂರು ಮೆಟ್ಟಿಲುಗಳಲ್ಲಿ ದೊರೆಯುತ್ತವೆ. ಕೆಳಗಿನ ಮೆಟ್ಟಿಲಿನಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆಗಳ ಸಂವೇದಕ. ನಡುವಿನದರಲ್ಲಿ 384ಕ್ಕೆ 288. ಮೇಲಿನದರಲ್ಲಿ 640ಕ್ಕೆ 512. ಚುಕ್ಕೆ ಎಂದರೆ ಮೇಲೆ ಹೇಳಿದ ಒಂದೊಂದು ಪೊರೆ, ಅದೇ ಪಿಕ್ಸೆಲ್. ಕೆಳಗಿನ ಮೆಟ್ಟಿಲಿನವು ಐದುನೂರು ಪೌಂಡಿನ ಆಸುಪಾಸಿನಲ್ಲಿ ಸಿಗುತ್ತವೆ, ನಡುವಿನವು ಅದರ ಒಂದೂವರೆ ಎರಡು ಪಟ್ಟು ಕೇಳುತ್ತವೆ, ಮೇಲಿನವುಗಳ ಮಾತು ಮಿತವ್ಯಯದ ಪ್ರಬಂಧದಲ್ಲಿ ಬೇಡ. ಚೀನಾದ ಹಿಕ್‌ಮೈಕ್ರೋ ಮತ್ತು ಇನ್ಫಿರೇ, ಲಿಥುವೇನಿಯಾದ ಪಲ್ಸರ್, ಅಮೆರಿಕದ ಫ್ಲಿರ್ ಇವು ಹವ್ಯಾಸಿಗಳ ಬಾಯಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರುಗಳು. ಹೆಸರನ್ನು ನೋಡಿ ಕೊಳ್ಳುವುದಕ್ಕಿಂತ ಪೆಟ್ಟಿಗೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಲು ಕಲಿತು ಕೊಳ್ಳುವುದು ಮೇಲು, ಏಕೆಂದರೆ ಮಾದರಿಗಳು ವರ್ಷವರ್ಷಕ್ಕೂ ಬದಲಾಗುತ್ತವೆ, ಅಂಕಿಗಳ ಹಿಂದಿನ ತರ್ಕ ಬದಲಾಗುವುದಿಲ್ಲ.

ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ‘ಪತ್ತೆಯ ದೂರ’. ಸಾವಿರ ಮೀಟರು, ಸಾವಿರದ ಇನ್ನೂರು ಮೀಟರು ಎಂಬ ಈ ಅಂಕಿ ಸುಳ್ಳಲ್ಲ, ಆದರೆ ನರಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದನ್ನು ಲೆಕ್ಕಹಾಕುವಾಗ ಗುರಿಯಾಗಿ ಇಟ್ಟುಕೊಳ್ಳುವುದು ಸಾಮಾನ್ಯವಾಗಿ 1.8 ಮೀಟರ್ ಎತ್ತರದ, ನಿಂತಿರುವ ಮನುಷ್ಯನನ್ನು. ಕೆಂಪು ನರಿಯ ಎತ್ತರ ಭುಜದವರೆಗೆ ಸುಮಾರು 38 ಸೆಂಟಿಮೀಟರ್, ಅಂದರೆ ಆ ಮನುಷ್ಯನ ಐದರಲ್ಲಿ ಒಂದು ಪಾಲು. ಇನ್ನೂ ಮುಖ್ಯವಾದ ಮಾತೆಂದರೆ, ಪತ್ತೆ ಎಂಬುದಕ್ಕೆ ತಂತ್ರಜ್ಞರ ಪರಿಭಾಷೆಯಲ್ಲಿ ಇರುವ ಅರ್ಥ ‘ಅಲ್ಲಿ ಏನೋ ಇದೆ’ ಎಂಬಷ್ಟು ಮಾತ್ರ. 1958ರಲ್ಲಿ ಅಮೆರಿಕ ಸೇನೆಯ ಪ್ರಯೋಗಾಲಯದ ಜಾನ್ ಜಾನ್ಸನ್, ನೋಡುಗರ ಮುಂದೆ ವಾಹನಗಳ ಮಾದರಿಗಳನ್ನಿಟ್ಟು ಪರೀಕ್ಷೆ ನಡೆಸಿ, ಒಂದು ಆಕೃತಿ ಇದೆಯೆಂದು ತಿಳಿಯಲು, ಅದು ಯಾವ ಬಗೆಯದೆಂದು ಗುರುತಿಸಲು, ಅದು ಇಂಥದ್ದೇ ಎಂದು ಖಚಿತಪಡಿಸಲು ಎಷ್ಟೆಷ್ಟು ಸೂಕ್ಷ್ಮ ವಿವರ ಬೇಕೆಂಬ ಅಳತೆಗೋಲನ್ನು ಕೊಟ್ಟ. ಅದನ್ನು ಪಿಕ್ಸೆಲ್‌ಗಳ ಭಾಷೆಗೆ ತಿರುಗಿಸಿದರೆ, ಆಕೃತಿಯ ಕಿರಿದಾದ ಅಳತೆಯ ಉದ್ದಕ್ಕೂ ಪತ್ತೆಗೆ 2, ಗುರುತಿಗೆ 8, ಖಚಿತಕ್ಕೆ ಸುಮಾರು 13 ಚುಕ್ಕೆಗಳು ಬೇಕು.

ಈ ಅಳತೆಗೋಲನ್ನು ನರಿಗೆ ಹಿಡಿದು ನೋಡುವುದು ಬಹಳ ಲಾಭದ ಕೆಲಸ, ಅದಕ್ಕೆ ಪ್ರೌಢಶಾಲೆಯ ಗಣಿತ ಸಾಕು. ಪಿಕ್ಸೆಲ್‌ಗಳ ಅಂತರವನ್ನು ಮಸೂರದ ಸಂಗಮದೂರದಿಂದ, ಅಂದರೆ ಮಸೂರದಿಂದ ಬಿಂಬ ಕೂಡುವ ಜಾಗದವರೆಗಿನ ಅಳತೆಯಿಂದ ಭಾಗಿಸಿದರೆ ಒಂದು ಚುಕ್ಕೆ ಎಷ್ಟು ಜಾಗವನ್ನು ಆವರಿಸುತ್ತದೆಂದು ತಿಳಿಯುತ್ತದೆ. 12 ಮೈಕ್ರೋಮೀಟರ್ ಅಂತರ, 15 ಮಿಲಿಮೀಟರ್ ಸಂಗಮದೂರ ಇರುವ ಅಗ್ಗದ ದರ್ಶಕದಲ್ಲಿ ನೂರು ಮೀಟರ್ ಆಚೆಗೆ ಒಂದು ಚುಕ್ಕೆ 8 ಸೆಂಟಿಮೀಟರ್ ಅಗಲವನ್ನು ಹಿಡಿಯುತ್ತದೆ. ಆದ್ದರಿಂದ ಅಲ್ಲಿ ನಿಂತ ನರಿಯ ಎತ್ತರಕ್ಕೆ ಐದು ಚುಕ್ಕೆಯೂ ತುಂಬುವುದಿಲ್ಲ; ಅದು ನರಿಯೇ ಎಂದು ಜಾನ್ಸನ್ನನ ಲೆಕ್ಕದಲ್ಲಿ ಗುರುತಿಸಬೇಕಾದರೆ 60 ಮೀಟರಿನ ಒಳಗೆ ಬರಬೇಕು, ಏನೋ ಒಂದು ಬಿಸಿ ಪ್ರಾಣಿ ಇದೆ ಎಂದು ತಿಳಿಯಲು 230 ಮೀಟರ್‌ವರೆಗೆ ಆದೀತು. 384 ಚುಕ್ಕೆಯ ಸಂವೇದಕಕ್ಕೆ 25 ಮಿಲಿಮೀಟರಿನ ಮಸೂರ ಜೋಡಿಸಿದ ನಡುವಿನ ಮೆಟ್ಟಿಲಿನ ದರ್ಶಕದಲ್ಲಿ ಒಂದು ಚುಕ್ಕೆ ನೂರು ಮೀಟರಿನಾಚೆ 4.8 ಸೆಂಟಿಮೀಟರನ್ನು ಹಿಡಿಯುವುದರಿಂದ, ಗುರುತಿನ ದೂರ ಸುಮಾರು 100 ಮೀಟರ್, ಪತ್ತೆಯ ದೂರ 400 ಮೀಟರಿಗೆ ಸಮೀಪ. ಸಾವಿರದ ಇನ್ನೂರು ಎಂಬ ದಪ್ಪ ಅಂಕಿ ಎಲ್ಲಿ, ಅರುವತ್ತು ಮತ್ತು ನೂರು ಎಂಬ ನಿಜದ ಅಂಕಿ ಎಲ್ಲಿ! ಕೊಳ್ಳುವವರು ಈ ಲೆಕ್ಕವನ್ನು ಅಂಗಡಿಗೆ ಹೋಗುವ ಮುಂಚೆಯೇ ಮಾಡಿಕೊಂಡರೆ ಅರ್ಧ ಆಯ್ಕೆ ಮುಗಿದಂತೆ.

ಹಾಗಾದರೆ ಮಸೂರವನ್ನು ಇನ್ನಷ್ಟು ಉದ್ದ ಮಾಡಿದರೆ ಆಗದೇ ಎಂದರೆ, ಅಲ್ಲಿಯೇ ಅಗ್ಗದ ಆಯ್ಕೆಯ ಮರ್ಮವಿದೆ. ಸಂಗಮದೂರ ಹೆಚ್ಚಿದಷ್ಟೂ ನೋಟದ ಹರಹು, ಅಂದರೆ ಒಂದೇ ಬಾರಿಗೆ ಕಣ್ಣಿಗೆ ಸಿಗುವ ಬಯಲಿನ ಅಗಲ, ಕಿರಿದಾಗುತ್ತದೆ. 384ರ ಸಂವೇದಕಕ್ಕೆ 35 ಮಿಲಿಮೀಟರಿನ ಮಸೂರವನ್ನು ಹಾಕಿದರೆ ನೂರು ಮೀಟರ್ ಆಚೆಗೆ ಕಾಣುವುದು ಹದಿಮೂರು ಮೀಟರ್ ಅಗಲ ಮಾತ್ರ. 25ಕ್ಕೆ ಹದಿನೆಂಟು, 19ಕ್ಕೆ ಇಪ್ಪತ್ತನಾಲ್ಕು, 15ಕ್ಕೆ ಮೂವತ್ತು ಮೀಟರ್ ದಾಟುತ್ತದೆ. ಇಂಗ್ಲೆಂಡಿನ ಬೇಲಿಸಾಲುಗಳ ನಡುವಿನ ಹೊಲ ನಾಲ್ಕು ಹೆಕ್ಟೇರಿನದ್ದಾದರೆ ಅದರ ಒಂದು ಬದಿ ಸುಮಾರು ಇನ್ನೂರು ಮೀಟರ್. ಅದನ್ನು ಹದಿಮೂರು ಮೀಟರಿನ ತುಂಡುಗಳಾಗಿ ಹುಡುಕುತ್ತ ಹೋದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ತಲಪುವಷ್ಟರಲ್ಲಿ ನರಿ ಬೇಲಿ ನುಸುಳಿ ಪಕ್ಕದ ಹೊಲದಲ್ಲಿರುತ್ತದೆ. ನರಿ ಒಂದೆಡೆ ನಿಲ್ಲುವ ಪ್ರಾಣಿಯಲ್ಲ. ಅದು ಬೇಲಿಯ ನೆರಳನ್ನು ಹಿಡಿದು, ನೂಲು ಹಿಡಿದಂಥ ನೇರ ದಾರಿಯಲ್ಲಿ, ಜಾಗಿಂಗಿನ ವೇಗದಲ್ಲಿ ಓಡುತ್ತದೆ. ಅದನ್ನು ಹುಡುಕಲು ಬೇಕಾದದ್ದು ದೂರಕ್ಕಿಂತ ಅಗಲ. ಕಡಿಮೆ ಹಣದಲ್ಲಿ ಎರಡೂ ದೊರೆಯುವುದಿಲ್ಲ, ಒಂದನ್ನು ಬಿಡಲೇಬೇಕು. ಬಿಡಬೇಕಾದದ್ದು ದೂರವನ್ನೇ ಎಂಬುದು ಈ ಪ್ರಬಂಧದ ಖಚಿತ ನಿಲುವು. ದೂರದ ಕೊರತೆಯನ್ನು ಕಾಲು ತುಂಬಿಕೊಡಬಲ್ಲದು, ಗಾಳಿಯ ದಿಕ್ಕು ನೋಡಿಕೊಂಡು ಐವತ್ತು ಹೆಜ್ಜೆ ಮುಂದೆ ನಡೆದರೆ ಸಾಕು. ಅಗಲದ ಕೊರತೆಯನ್ನು ತುಂಬಿಕೊಡುವ ದಾರಿಯೇ ಇಲ್ಲ.

ಡಿಜಿಟಲ್ ಝೂಮ್ ಎಂಬುದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಅದು ಇರುವ ಚುಕ್ಕೆಗಳನ್ನು ಹಿಗ್ಗಿಸಿ ತೋರಿಸುತ್ತದೆ, ಹೊಸ ವಿವರವನ್ನು ಸೇರಿಸುವುದಿಲ್ಲ.

ಎರಡನೆಯ ಮುಖ್ಯ ಅಂಕಿ ಸೂಕ್ಷ್ಮತೆಯದು. ಪೆಟ್ಟಿಗೆಯ ಮೇಲೆ ಅದು ಎನ್‌ಇಟಿಡಿ ಎಂಬ ಅಕ್ಷರಗಳ ಪಕ್ಕದಲ್ಲಿ ಮಿಲಿಕೆಲ್ವಿನ್‌ಗಳಲ್ಲಿ ಇರುತ್ತದೆ. ಸಂವೇದಕದ ಸ್ವಂತ ಗದ್ದಲದ ನಡುವೆಯೂ ಗುರುತಿಸಬಹುದಾದ ಅತಿ ಕಿರಿಯ ಉಷ್ಣತೆಯ ವ್ಯತ್ಯಾಸ ಎಷ್ಟು ಎಂಬುದನ್ನು ಅದು ಹೇಳುತ್ತದೆ. 50 ಎಂದಿದ್ದರೆ ಒಂದು ಡಿಗ್ರಿಯ ಇಪ್ಪತ್ತರಲ್ಲಿ ಒಂದು ಪಾಲು, 25 ಎಂದಿದ್ದರೆ ನಲವತ್ತರಲ್ಲಿ ಒಂದು ಪಾಲು, ಆದ್ದರಿಂದ ಇಲ್ಲಿ ಕಿರಿಯ ಅಂಕಿಯೇ ಹಿರಿಯದು. ನರಿಯ ಮುಖ ಹುಲ್ಲಿಗಿಂತ ಎಷ್ಟೋ ಡಿಗ್ರಿ ಬೆಚ್ಚಗಿರುವಾಗ ಇಷ್ಟು ಸೂಕ್ಷ್ಮತೆ ಏಕೆ ಎಂಬ ಸಂದೇಹ ಸಹಜ. ನರಿ ಕಾಣುವುದಕ್ಕೆ ಅದು ಬೇಕಿಲ್ಲ, ನರಿಯ ಸುತ್ತಲಿನ ಲೋಕ ಕಾಣುವುದಕ್ಕೆ ಬೇಕು. ಸೂಕ್ಷ್ಮತೆ ಕಡಿಮೆಯಾದ ದರ್ಶಕದಲ್ಲಿ ಬೂದು ಮಬ್ಬಿನ ನಡುವೆ ಒಂದು ಬಿಳಿ ಕಲೆ ತೇಲುತ್ತದೆ. ಸೂಕ್ಷ್ಮತೆ ಹೆಚ್ಚಾದುದರಲ್ಲಿ ಬೇಲಿಯ ಕಡ್ಡಿ, ಉಳುಮೆಯ ಸಾಲು, ಓಕ್ ಮರದ ಬೇರು, ಹುಲ್ಲಿನ ಗುಪ್ಪೆ ಒಂದೊಂದೂ ತನ್ನ ತನ್ನ ಬಿಸಿಯಿಂದ ಬೇರೆಬೇರೆಯಾಗಿ ತೋರಿ, ನರಿ ಯಾವುದರ ಹಿಂದೆ ನಿಂತಿದೆ, ಯಾವ ಕಡೆಗೆ ಹೊರಟಿದೆ ಎಂಬುದು ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಹವೆ ಇದನ್ನು ಇನ್ನಷ್ಟು ಅಗತ್ಯವಾಗಿಸುತ್ತದೆ, ಏಕೆಂದರೆ ದಿನವಿಡೀ ಜಿನುಗಿದ ಮಳೆ ಕಲ್ಲು, ಮರ, ಮಣ್ಣುಗಳನ್ನೆಲ್ಲ ಒಂದೇ ಉಷ್ಣತೆಗೆ ತಂದು ಚಿತ್ರವನ್ನು ಸಪ್ಪೆಯಾಗಿಸುತ್ತದೆ, ಮಂಜು ಕವಿದರೆ ಅದರ ಹನಿಗಳು ಕಿರಣಗಳನ್ನು ನಡುದಾರಿಯಲ್ಲಿಯೇ ನುಂಗುತ್ತವೆ. ಚಳಿಗಾಲದ ನಿರ್ಮಲವಾದ ಒಣ ರಾತ್ರಿಯಲ್ಲಿ ಯಾವ ದರ್ಶಕವೂ ಚೆನ್ನಾಗಿಯೇ ತೋರಿಸುತ್ತದೆ. ನವೆಂಬರಿನ ತೇವದ ರಾತ್ರಿಯಲ್ಲಿ ಮಾತ್ರ ಒಳ್ಳೆಯದು ಯಾವುದು, ಕೇವಲ ಅಗ್ಗದ್ದು ಯಾವುದು ಎಂಬುದು ಬಯಲಾಗುತ್ತದೆ.

ಸೂಕ್ಷ್ಮತೆಯ ಜೊತೆಗೆ ಮಸೂರದ ದ್ವಾರದ ಅಂಕಿಯನ್ನೂ ಓದಬೇಕು. ಎಫ್ 1.0 ಎಂದರೆ ಸಂಗಮದೂರದಷ್ಟೇ ಅಗಲವಾದ ಬಾಯಿ, ಎಫ್ 1.2 ಎಂದರೆ ಅದಕ್ಕಿಂತ ಕಿರಿದು. ವ್ಯತ್ಯಾಸ ಅಲ್ಪವೆನಿಸಿದರೂ ಒಳಬರುವ ಕಿರಣಗಳ ಪ್ರಮಾಣ ಈ ಅಂಕಿಯ ವರ್ಗವನ್ನು ಅನುಸರಿಸುವುದರಿಂದ, ಮೊದಲನೆಯದು ಎರಡನೆಯದಕ್ಕಿಂತ 1.44 ಪಟ್ಟು ಹೆಚ್ಚು ಬಿಸಿಯನ್ನು ಬರಮಾಡಿಕೊಳ್ಳುತ್ತದೆ. ಇನ್ನೊಂದು ಅಂಕಿ ಚಿತ್ರದ ವೇಗದ್ದು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರಗಳು ಬದಲಾಗುತ್ತವೆ ಎಂಬುದು. ಅಮೆರಿಕದ ರಫ್ತು ನಿಯಮಗಳು 9 ಹರ್ಟ್ಝ್‌ವರೆಗಿನ ಕ್ಯಾಮೆರಾಗಳಿಗೆ ಸಡಿಲವಾಗಿರುವುದರಿಂದ ಹಳೆಯ ಅಗ್ಗದ ದರ್ಶಕಗಳು ಅದೇ ವೇಗಕ್ಕೆ ನಿಂತಿದ್ದವು; ಓಡುವ ನರಿ ಅವುಗಳಲ್ಲಿ ಜಿಗಿಜಿಗಿದು ಹೋಗುವಂತೆ ತೋರುತ್ತದೆ, ಹೊಲದ ಮೇಲೆ ನೋಟ ಹರಿಸಿದಾಗ ಚಿತ್ರ ಎಳೆದಂತಾಗಿ ತಲೆ ಸುತ್ತುತ್ತದೆ. 25 ಹರ್ಟ್ಝ್ ಸಾಕು, 50 ಇದ್ದರೆ ಹಿತ. ಬಳಸಿದ ಉಪಕರಣವನ್ನು ಅರ್ಧ ಬೆಲೆಗೆ ಕೊಳ್ಳುವವರು ಮೊದಲು ವಿಚಾರಿಸಬೇಕಾದ್ದು ಈ ಅಂಕಿಯನ್ನು. ಆಮೇಲೆ ಮಸೂರದ ಮೇಲೆ ಗೀರುಗಳಿವೆಯೇ, ಚಿತ್ರದಲ್ಲಿ ಅಲುಗಾಡದೆ ನಿಂತ ಕಲೆಗಳಿವೆಯೇ ಎಂದು ನೋಡಬೇಕು, ಏಕೆಂದರೆ ಯಾರಾದರೂ ಅದನ್ನು ಹಗಲಿನಲ್ಲಿ ಸೂರ್ಯನ ಕಡೆ ತಿರುಗಿಸಿದ್ದರೆ ಸಂವೇದಕದ ಪೊರೆಗಳು ಕೆಟ್ಟು ಆ ಗುರುತು ಉಳಿದುಬಿಡಬಹುದು.

ಅಂಕಿಗಳಲ್ಲಿ ಬಾರದ ಒಂದು ಗುಣವೂ ಇದೆ. ಪೊರೆಗಳು ಬಳಕೆಯಲ್ಲಿ ಕ್ರಮೇಣ ಒಂದಕ್ಕೊಂದು ಹೊಂದಿಕೆ ತಪ್ಪುವುದರಿಂದ ದರ್ಶಕವು ಆಗಾಗ ಒಳಗಿನ ಒಂದು ಪುಟ್ಟ ತೆರೆಯನ್ನು ಸಂವೇದಕದ ಮುಂದೆ ಸರಿಸಿ, ಎಲ್ಲ ಪೊರೆಗಳನ್ನೂ ಸಮಕ್ಕೆ ತಂದುಕೊಳ್ಳುತ್ತದೆ. ಆ ತೆರೆ ‘ಟಿಕ್’ ಎಂದು ಸದ್ದು ಮಾಡುತ್ತದೆ, ಚಿತ್ರ ಒಂದು ಕ್ಷಣ ಹೆಪ್ಪುಗಟ್ಟುತ್ತದೆ. ಹುಲ್ಲಿನಡಿಯಲ್ಲಿ ಇಲಿ ಸರಿದಾಡುವ ಸದ್ದನ್ನು ಕೇಳಿಸಿಕೊಂಡು ಅದರ ಮೇಲೆ ನೆಗೆಯುವ ಪ್ರಾಣಿಗೆ ಮೂವತ್ತು ಮೀಟರಿನಾಚೆಯ ಟಿಕ್ ಕೇಳಿಸದೆ ಇರುವುದಿಲ್ಲ. ಕೈಯಿಂದ ಮಸೂರದ ಮುಚ್ಚಳವನ್ನು ಮುಚ್ಚಿ ಸದ್ದಿಲ್ಲದೆ ಸಮ ಮಾಡಿಕೊಳ್ಳುವ ಅನುಕೂಲ ಇದೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಬೇಕು. ಮಾರಾಟಗಾರರು ತಾವಾಗಿ ಈ ಮಾತನ್ನು ಎತ್ತುವುದು ಅಪರೂಪ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಕಸುವು ಕುಗ್ಗುವುದರಿಂದ, ಒಳಗೇ ಬೆಸೆದ ಬ್ಯಾಟರಿಗಿಂತ ಬದಲಾಯಿಸಬಹುದಾದದ್ದು ಮೇಲು. ಒಳಗಿನ ಪರದೆಯ ಹೊಳಪನ್ನು ಸಾಕಷ್ಟು ತಗ್ಗಿಸಲು ಬರುವಂತಿರಬೇಕು, ಇಲ್ಲವಾದರೆ ದರ್ಶಕವನ್ನು ಕೆಳಗಿಳಿಸಿದ ಕೂಡಲೆ ಆ ಕಣ್ಣು ಕುರುಡಾದಂತಾಗಿ ಕಾಲಡಿಯ ಹಳ್ಳ ಕಾಣುವುದಿಲ್ಲ. ಬಿಸಿಯನ್ನು ಬಿಳಿಯಾಗಿ ತೋರಿಸುವ ಬದಲು ಕಪ್ಪಾಗಿ ತೋರಿಸುವ ವಿಧಾನವೂ ಹೆಚ್ಚಿನ ದರ್ಶಕಗಳಲ್ಲಿ ಇರುತ್ತದೆ. ಹುಡುಕುವಾಗ ಬಿಳಿ, ಹುಡುಕಿದ್ದನ್ನು ಪರಿಶೀಲಿಸುವಾಗ ಕಪ್ಪು ಎಂಬುದು ಅನುಭವಿಗಳಲ್ಲಿ ಹಲವರ ರೂಢಿ. ಕೆಂಪು, ಹಸಿರು, ನೇರಳೆಗಳ ಬಣ್ಣದ ತಟ್ಟೆ ನೋಡಲು ಮೋಹಕವಾದರೂ ಹೊಲದಲ್ಲಿ ಅದರ ಉಪಯೋಗ ಕಡಿಮೆ.

ಇಷ್ಟೆಲ್ಲ ಲೆಕ್ಕ ಯಾವುದಕ್ಕಾಗಿಯೋ ಆ ಪ್ರಾಣಿ ದರ್ಶಕದಲ್ಲಿ ಕಾಣುವ ಬಗೆಯನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಚಳಿಗಾಲದ ನರಿಯ ತುಪ್ಪಟ ಎಷ್ಟು ದಟ್ಟವೆಂದರೆ ಅದರ ಮೈ ಬಿಸಿಯನ್ನು ಹೊರಗೆ ಬಿಟ್ಟುಕೊಡುವುದೇ ಇಲ್ಲ. ಆದ್ದರಿಂದ ಬೆನ್ನು ಮತ್ತು ಪಕ್ಕೆಗಳು ಬೂದಾಗಿಯೂ, ಪೊದೆಯಂಥ ಬಾಲ ಬಹುಮಟ್ಟಿಗೆ ಹುಲ್ಲಿನೊಂದಿಗೆ ಒಂದಾಗಿಯೂ ತೋರುತ್ತವೆ. ಉಜ್ವಲವಾಗಿ ಬೆಳಗುವುದು ಕಣ್ಣುಗಳ ಸುತ್ತಲಿನ ತಾಣ, ಮುಖ, ಕಿವಿಗಳ ಒಳಬದಿ ಮತ್ತು ತೆಳು ಕೂದಲಿನ ಕಾಲುಗಳು. ಮೂತಿಯ ತುದಿ ಮಾತ್ರ ತೇವದಿಂದ ತಂಪಾಗಿದ್ದು ಒಂದು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ನರಿ ತಲೆ ತಿರುಗಿಸಿದಾಗ ಮುಖದ ಬೆಳಕು ಆರಿ, ಮತ್ತೆ ನೋಡಿದಾಗ ಹೊತ್ತಿಕೊಳ್ಳುತ್ತದೆ. ವೋಲ್ ಎಂಬ ಹುಲ್ಲುಗಾವಲಿನ ಇಲಿಯ ಸುಳಿವು ಸಿಕ್ಕಿದಾಗ ಅದು ನಡೆಯುತ್ತಿದ್ದುದು ಥಟ್ಟನೆ ನಿಂತು, ಎರಡು ಕಿವಿಗಳನ್ನೂ ಮುಂದಕ್ಕೆ ಚಾಚಿ, ತಲೆಯನ್ನು ಒಂದಿಷ್ಟು ವಾರೆಮಾಡಿ, ಹಿಂಗಾಲುಗಳ ಮೇಲೆ ಭಾರ ಹಾಕಿ ಕಾಯುತ್ತದೆ; ಮರುಕ್ಷಣ ನಾಲ್ಕು ಕಾಲೂ ನೆಲಬಿಟ್ಟು ಕಮಾನಿನಂತೆ ಎದ್ದು ಮೂತಿ ಕೆಳಗಾಗಿ ಹುಲ್ಲಿಗೆ ಇಳಿಯುತ್ತದೆ. ಬೇಟೆ ಸಿಕ್ಕಿದ್ದರೆ ಅದರ ಬಾಯಲ್ಲಿ ಇನ್ನೊಂದು ಪುಟ್ಟ ಬಿಸಿಯ ಬಿಂದು ಕಾಣುತ್ತದೆ. ಇದನ್ನು ಪೂರ್ತಿ ಕತ್ತಲೆಯಲ್ಲಿ, ನರಿಗೆ ಯಾವ ಅನುಮಾನವೂ ಬಾರದಂತೆ ನೋಡಬಹುದೆಂಬುದು ಹರ್ಷೆಲ್ಲನ ಉಷ್ಣಮಾಪಕ ನಮಗೆ ಕೊಟ್ಟ ದೊಡ್ಡ ಉಡುಗೊರೆ.

ಜಾನ್ಸನ್ನನ ಅಳತೆಗೋಲಿಗೆ ತಿದ್ದುಪಡಿ ಬೇಕಾಗುವುದೂ ಇಲ್ಲಿಯೇ. ಅದು ನಿಶ್ಚಲವಾದ ಆಕೃತಿಗಳಿಗೆ ಹೇಳಿದ ಮಾತು. ಬದುಕಿರುವ ಪ್ರಾಣಿ ತನ್ನ ನಡಿಗೆಯಿಂದಲೇ ಹೆಸರು ಹೇಳುತ್ತದೆ. ಬ್ಯಾಜರ್ ಎಂಬ, ಬಿಲದಲ್ಲಿ ವಾಸಿಸುವ ಅಗಲ ಬೆನ್ನಿನ ಪ್ರಾಣಿ ನೆಲಕ್ಕೆ ತಗ್ಗಿ ಉರುಳಿದಂತೆ ಸಾಗುತ್ತದೆ. ಬಯಲು ಮೊಲ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉದ್ದ ಕಿವಿಗಳನ್ನು ಎತ್ತುತ್ತದೆ, ರೋ ಜಿಂಕೆ ಎತ್ತರದ ಕಾಲುಗಳ ಮೇಲೆ ತೂಗುತ್ತ ನಡೆಯುತ್ತದೆ, ಊರಿನ ಬೆಕ್ಕು ಹೆಜ್ಜೆಹೆಜ್ಜೆಗೂ ಅನುಮಾನಿಸುತ್ತದೆ. ನರಿಯ ಓಟ ಮಾತ್ರ ಅವಸರವೂ ಇಲ್ಲದ, ಅಳುಕೂ ಇಲ್ಲದ ಸಮನಾದ ಓಟ. ಕೆಲವು ತಿಂಗಳು ಒಂದೇ ಹೊಲವನ್ನು ನೋಡಿದ ಕಣ್ಣಿಗೆ ನಾಲ್ಕೇ ಚುಕ್ಕೆಗಳ ಬಿಳಿ ಕಲೆಯೂ ಇನ್ನೂರು ಮೀಟರಿನಿಂದ ನರಿಯೆಂದು ತಿಳಿದುಬಿಡುತ್ತದೆ. ಹೆಚ್ಚು ಹಣ ಕೊಟ್ಟವರಿಗೆ ಪಿಕ್ಸೆಲ್‌ಗಳು ಹೇಳುವುದನ್ನು ಕಡಿಮೆ ಹಣದವರು ಅಭ್ಯಾಸದಿಂದ ಕಲಿಯಬಲ್ಲರು. ಅಗ್ಗದ ದರ್ಶಕದ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ.

ಕುರಿಗಾರರಿಗೂ ಈ ಉಪಕರಣ ಹತ್ತಿರವಾಗಿದೆ. ವಸಂತದಲ್ಲಿ ಕುರಿಗಳು ಮರಿ ಹಾಕುವ ದಿನಗಳಲ್ಲಿ ರಾತ್ರಿ ಎರಡು ಮೂರು ಬಾರಿ ಹೊಲಕ್ಕೆ ಹೋಗುವ ಕುರಿಗಾರನಿಗೆ, ಟಾರ್ಚ್ ಹಾಕಿ ಮಂದೆಯನ್ನು ಬೆದರಿಸದೆ, ಹೊಸ ಮರಿ ಬೆಚ್ಚಗಿದೆಯೇ, ಬೇಲಿಯ ಬಳಿ ನರಿ ಸುಳಿಯುತ್ತಿದೆಯೇ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ನಾಯಿಗಳನ್ನು ಬಿಟ್ಟು ನರಿಯನ್ನು ಬೇಟೆಯಾಡುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2004ರ ಕಾಯಿದೆ ನಿಷೇಧಿಸಿತು, ಮರುವರ್ಷ ಅದು ಜಾರಿಗೆ ಬಂತು. ಬಂದೂಕಿನ ಬಳಕೆ ಈಗಲೂ ಕಾನೂನಿನ ಮಿತಿಯಲ್ಲಿ ನಡೆದಿದೆ, ಅದರ ಜೊತೆಗೆ ಉಷ್ಣದರ್ಶಕವೂ ನಡೆದಿದೆ. ಈ ಪ್ರಬಂಧದ ಆಸಕ್ತಿ ಕೇವಲ ನೋಡುವುದರಲ್ಲಿ ಇರುವುದರಿಂದ ಆ ಚರ್ಚೆಯನ್ನು ಇಲ್ಲಿಗೆ ಬಿಡಬಹುದು. ನೋಡುವವರಿಗೆ ಬಂದೂಕು ಬೇಡ, ಹೊಲದ ಒಡೆತನವೂ ಬೇಡ. ಆ ದೇಶದ ಸಾರ್ವಜನಿಕ ಕಾಲುದಾರಿಗಳು ರಾತ್ರಿಯೂ ಎಲ್ಲರಿಗೂ ತೆರೆದಿರುತ್ತವೆ.

ಕನ್ನಡನಾಡಿನ ಓದುಗರು ಇದನ್ನು ತಮ್ಮ ಬಯಲುಸೀಮೆಗೆ ಹೊಂದಿಸಿಕೊಳ್ಳಲು ಬಯಸಿದರೆ ಒಂದೆರಡು ಅಂಕಿಗಳನ್ನು ಬದಲಿಸಿಕೊಳ್ಳಬೇಕು. ಉತ್ತರ ಕರ್ನಾಟಕದ ಒಣ ಹುಲ್ಲುಗಾವಲುಗಳಲ್ಲಿ ಇರುವುದು ಬಾಲದ ತುದಿ ಕಪ್ಪಾಗಿರುವ, ಕೆಂಪು ನರಿಗಿಂತ ಎಷ್ಟೋ ಹಗುರವಾದ ಬೇರೆ ಜಾತಿಯ ನರಿ. ಮೈ ಕಿರಿದಾದಷ್ಟೂ ಗುರುತಿನ ದೂರವೂ ಕಿರಿದಾಗುತ್ತದೆ. ಅಲ್ಲಿನ ಬೇಸಿಗೆಯಲ್ಲಿ ಬಂಡೆ ಮತ್ತು ನೆಲ ಹಗಲಿನ ಬಿಸಿಲನ್ನು ರಾತ್ರಿ ಬಹಳ ಹೊತ್ತಿನವರೆಗೆ ಹಿಡಿದಿಟ್ಟುಕೊಳ್ಳುವುದರಿಂದ ಮುಸ್ಸಂಜೆಯ ಚಿತ್ರದಲ್ಲಿ ಕಲ್ಲುಗುಂಡುಗಳೇ ಪ್ರಾಣಿಗಳಂತೆ ಹೊಳೆಯುತ್ತವೆ. ನೋಡಲು ತಕ್ಕ ಹೊತ್ತು ಬೆಳಗಿನ ಜಾವ, ತಕ್ಕ ಕಾಲ ಡಿಸೆಂಬರ್ ಮತ್ತು ಜನವರಿ. ಈ ನರಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಅಭಯಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಕಾಲಿಡುವಂತಿಲ್ಲ.

ಇಂಗ್ಲೆಂಡಿನ ಹೊಲಗಳಿಗೇ ಮರಳಿ ತೀರ್ಪು ಹೇಳುವುದಾದರೆ, 384ಕ್ಕೆ 288 ಚುಕ್ಕೆಗಳ ಸಂವೇದಕ, 19 ಮಿಲಿಮೀಟರಿನ ಆಸುಪಾಸಿನ ಮಸೂರ, ಎಫ್ 1.0 ದ್ವಾರ, 35 ಮಿಲಿಕೆಲ್ವಿನ್‌ಗಿಂತ ಕಡಿಮೆ ಅಂಕಿಯ ಸೂಕ್ಷ್ಮತೆ, 25 ಹರ್ಟ್ಝ್ ಅಥವಾ ಅದಕ್ಕೆ ಮೇಲ್ಪಟ್ಟ ವೇಗ, ಬದಲಾಯಿಸಬಹುದಾದ ಬ್ಯಾಟರಿ, ಸದ್ದಿಲ್ಲದ ಸಮೀಕರಣ ಇಷ್ಟು ಕೂಡಿದ ದರ್ಶಕ ನರಿಯನ್ನು ನೋಡುವ ಹವ್ಯಾಸಕ್ಕೆ ಎಲ್ಲ ರೀತಿಯಲ್ಲಿಯೂ ತಕ್ಕದ್ದು. ಅಷ್ಟು ಹಣ ಒದಗದಿದ್ದರೆ 256ರ ಸಂವೇದಕಕ್ಕೆ 10 ಮಿಲಿಮೀಟರಿನ ಮಸೂರವಿರುವುದನ್ನು ಕೊಳ್ಳಬಹುದು. ಅದರಲ್ಲಿ ಗುರುತಿನ ದೂರ ನಲವತ್ತು ಮೀಟರಿಗೆ ಇಳಿದರೂ ನೋಟದ ಹರಹು ಮೂವತ್ತು ಮೀಟರ್ ಉಳಿಯುತ್ತದೆ. ಸಾಧ್ಯವಾದರೆ ಕೊಳ್ಳುವ ಮುಂಚೆ ಕತ್ತಲಾದ ಮೇಲೆ, ತೇವವಿರುವ ದಿನ, ಅಂಗಡಿಯ ಹೊರಗೆ ನಿಂತು ಹಿಡಿದು ನೋಡಬೇಕು. ಮಾರ್ಚಿನಿಂದ ಮೇ ತಿಂಗಳವರೆಗೆ ಬಿಲದಲ್ಲಿ ಮರಿಗಳಿರುತ್ತವೆ. ಆ ದಿನಗಳಲ್ಲಿ ಬಿಲದ ಗುರುತು ಸಿಕ್ಕಿದರೂ ಅದರ ಬಳಿ ಹೋಗದೆ, ದೂರದ ಬೇಲಿಯ ಬದಿಯಿಂದಲೇ ನೋಡಿ ಹಿಂದಿರುಗಬೇಕೆಂದು ಈ ಉಪಕರಣವನ್ನು ಕೊಳ್ಳುವ ಪ್ರತಿಯೊಬ್ಬರಲ್ಲಿಯೂ ವಿನಂತಿ.